ಕೋಟಿನ ಮೇಲಿನ ಬಿಳಿ ಪುಡಿ

ಅವನ ಕೋಟಿನ ತೋಳಿನ ಮೇಲೆ ಇವತ್ತೂ ಬಿಳಿ ಪುಡಿ ಇತ್ತು.

ಗುಹೆಯ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಗೈಡ್ ಅದನ್ನು ನೋಡಿ, ನೋಡದವಳಂತೆ ಅರ್ಧ ಟಿಕೆಟ್ ಹಿಂದಿರುಗಿಸಿದಳು. ಅವನು ನಕ್ಕ. ಅವಳು ನಗಲಿಲ್ಲ.

ಬೆಟ್ಟದ ಹೊಟ್ಟೆಯೊಳಗಿನ ಆ ಗುಹೆಯ ಚಾವಣಿಯಲ್ಲಿ, ನೀರು ಹನಿಹನಿಯಾಗಿ ಇಳಿದು ಕಲ್ಲಾದ ಬಿಳಿ ಕಡ್ಡಿಗಳಿದ್ದವು. ಇತ್ತೀಚೆಗೆ ಅವು ಮುರಿದು ಕಾಣೆಯಾಗುತ್ತಿದ್ದವು. "ಇನ್ನೊಂದು ಮುರಿದರೆ ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾರೆ," ಎಂದಿದ್ದರು ಮ್ಯಾನೇಜರ್. ಗಂಡ ತೀರಿಕೊಂಡ ಮೇಲೆ ಅವಳೂ ಅತ್ತೆಯೂ ಬದುಕಿದ್ದು ಈ ಗುಹೆಯನ್ನು ನಂಬಿ. ಇವಳು ಜನರನ್ನು ಒಳಗೆ ಕರೆದೊಯ್ಯುತ್ತಿದ್ದಳು. ಅತ್ತೆ ಹೊರಗೆ ಅವರ ಬ್ಯಾಗು ಕಾಯುತ್ತಿದ್ದರು.

"ಆ ಕೋಟಿನವನು ಮತ್ತೆ ಬಂದಿದ್ದಾನೆ, ಅತ್ತೆ."

"ಬರಲಿ ಬಿಡು. ಗುಹೆ ಏನು ನಿನ್ನ ತವರುಮನೆಯಾ?"

"ಪ್ರತಿ ಸಲ ಸಾಲಿನ ಕೊನೇಲಿ ನಿಲ್ತಾನೆ. ಕೈಲಿರೋ ಡಬ್ಬಿ ಇಲ್ಲೇ ಇಟ್ಟು ಹೋಗಿ ಅಂದ್ರೆ ಇಡಲ್ಲ."

"ಒಡೆಯೋ ಸಾಮಾನಂತೆ. ನೋಡೋಕೆ ಸಭ್ಯನ ಹಾಗಿದ್ದಾನೆ ಕಣೆ."

"ಹಾಲಿನ ಮುಂದೆ ಬೆಕ್ಕೂ ಸಭ್ಯವಾಗೇ ಕೂತಿರತ್ತೆ."

ಒಳಗೆ ಅವಳು ಬೇಕೆಂದೇ ದನಿ ಏರಿಸಿದಳು. "ಕೆಲವರು ಕಲ್ಲು ಕದಿಯೋಕೆ ಬರ್ತಾರೆ. ಕುಂಬಳಕಾಯಿ ಕಳ್ಳರು. ನಮಗೆ ಗೊತ್ತಾಗತ್ತೆ."

ಹಿಂದೆ ನಿಂತವನು ಮೆಲ್ಲಗೆ ತೋಳು ನೋಡಿಕೊಂಡು ಪುಡಿ ಕೊಡವಿದ.

ಇನ್ನೇನು ಸಾಕ್ಷಿ ಬೇಕು? ಅವಳಿಗೆ ಸಮಾಧಾನವಾಗಬೇಕಿತ್ತು. ಯಾಕೋ ಸಂಕಟವಾಯಿತು.

ಗುಹೆಯ ಕೊನೆಯ ಅಂಗಳದಲ್ಲಿ ಗೈಡ್‌ಗಳು ದೀಪ ಆರಿಸಿ ಕತ್ತಲೆ ತೋರಿಸುವುದು ರೂಢಿ. ಆಗ ಜನ ಗಾಬರಿಯಾಗದಂತೆ ಒಂದು ಮಾತು ಹೇಳಬೇಕು. ಇವತ್ತು ಅವಳು ರಿಮೋಟ್ ಒತ್ತಿದಳು, ಬಾಯಿ ತೆರೆಯಲಿಲ್ಲ. ಕಂಬಿ ಹಿಡಿದು ಸಾಲಿನ ಹಿಂದಕ್ಕೆ ನಡೆದಳು. ಕೋಟಿನ ಒರಟು ಬಟ್ಟೆ ತಗುಲಿತು. ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

ಕೈ ಕೊಸರಿಕೊಳ್ಳಲಿಲ್ಲ.

"ಇವತ್ತು ನೀವು ಹೇಳಲೇ ಇಲ್ಲ," ಎಂದಿತು ಕಿವಿಯ ಹತ್ತಿರ ಅವನ ದನಿ.

"ಏನನ್ನ?"

"ಹೆದರಬೇಡಿ, ನಾನಿಲ್ಲೇ ಇದ್ದೀನಿ ಅಂತ."

"ಯಾರ್ರೀ ಅದು, ನನ್ನ ಕಾಲು ತುಳಿದಿದ್ದು?" ಮುಂದಿನಿಂದ ಯಾರೋ ಗೊಣಗಿದರು. ಅವಳು ದೀಪ ಹಾಕಿದಳು. ಸಾಲಿಗೆ ಸಾಲೇ ತಿರುಗಿ, ಅವನ ಕೈ ಹಿಡಿದು ನಿಂತ ಅವಳನ್ನು ನೋಡಿತು.

"ಕಳ್ಳನ ಹಾಗೆ ನೋಡಬೇಡಿ. ಡಬ್ಬಿ ತೆಗೀರಿ," ಎಂದಳು ಅವನಿಗೆ.

ಅವನು ತೆಗೆದ. ಒಂದು ಸೆಟ್ ಹಲ್ಲು ಅವಳತ್ತ ಕಿಸಿದು ನಗುತ್ತಿತ್ತು.

"ಕಟ್ಟಿಸಿದ ಹಲ್ಲು. ಅದನ್ನ ಮಾಡೋ ಅಂಗಡಿ ನನ್ನದು. ಈ ಪುಡಿ ಅಚ್ಚಿನ ಪ್ಲಾಸ್ಟರ್." ಕಿವಿಯವರೆಗೆ ಕೆಂಪಾಗಿದ್ದ. "ಬೆಟ್ಟದ ಕೆಳಗಿನ ಹಲ್ಲಿನ ಡಾಕ್ಟರಿಗೆ ಕೊಡೋಕೆ ಹೋಗೋವಾಗ ಇಲ್ಲಿಗೆ ಬರ್ತೀನಿ. ಈಗ ಕೈ ಬಿಡ್ತೀರಾ?"

ಗೈಡ್ ಒಬ್ಬ ನಿರಪರಾಧಿಯ ಕೈ ಹಿಡಿದ ಸುದ್ದಿ ಸಂಜೆಯೊಳಗೆ ಗುಹೆಯ ದೀಪ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ಕಿವಿಗೂ ಬಿತ್ತು. ಅವನು ತಾನಾಗಿ ಮ್ಯಾನೇಜರ್ ಎದುರು ತಲೆ ತಗ್ಗಿಸಿದ: ಬಲ್ಬ್ ಬದಲಾಯಿಸುವಾಗ ಏಣಿ ತಗುಲಿ ಕಲ್ಲು ಮುರಿಯುತ್ತಿತ್ತು; ಚೂರುಗಳನ್ನು ಅವನೇ ಮುಚ್ಚಿಟ್ಟಿದ್ದ. ಅವಳ ಕೆಲಸ ಉಳಿಯಿತು.

ಅವಳು ಮ್ಯಾನೇಜರ್ ಕೋಣೆಯಿಂದ ಹೊರಗೆ ಬಂದಾಗ ಕೋಟಿನವನು ಇನ್ನೂ ಬೆಂಚಿನ ಮೇಲಿದ್ದ.

"ಕ್ಷಮಿಸಿ," ಎಂದಳು. "ಆದರೆ ಆ ಮಾತು ನಾನು ಎಲ್ಲರಿಗೂ ಹೇಳೋದು. ಸಂಬಳಕ್ಕೆ ಹೇಳೋದು."

"ಗೊತ್ತು. ಅದಕ್ಕೇ ಪ್ರತಿ ಸಲ ಟಿಕೆಟ್ ತಗೊಂಡೇ ಬಂದೆ."

ಅವಳ ತುಟಿಯಂಚು ಅಲುಗಿತು. ಕೂಡಲೇ ಬಿಗಿಯಾಯಿತು. "ನಿಮ್ಮನೇಲಿ ಯಾರೂ ಇಲ್ವಾ?"

"ಇಲ್ಲ. ನಂಬಿಕೆ ಇಲ್ದಿದ್ರೆ ಬಂದು ನೋಡಿ."

"ನೋಡ್ತೀನಿ. ಅಂಗಡಿ ನಿಜವಾಗ್ಲೂ ಇದೆಯೋ ಇಲ್ವೋ ಅದನ್ನೂ ನೋಡ್ತೀನಿ. ನಾಳೆ ರಜೆ."

"ಇಷ್ಟು ಅನುಮಾನ ಇಟ್ಕೊಂಡು ಬರ್ತೀರಾ?"

"ಅದನ್ನ ಬಿಟ್ಟು ಬರೋಕೆ ನನಗಿನ್ನೂ ಬರಲ್ಲ." ಅವಳ ದನಿ ಸಣ್ಣದಾಯಿತು. "ಆದರೆ ಬರ್ತೀನಿ."

ಬ್ಯಾಗಿನ ಕೋಣೆಗೆ ಬೀಗ ಹಾಕುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸೊಸೆ ಅವರ ಮುಖ ನೋಡಲಾರದೆ ನೆಲ ನೋಡಿದಳು.

"ನಾನೂ ಬರ್ತೀನಪ್ಪ," ಎಂದರು ಅತ್ತೆ ಅವನಿಗೆ. "ನನ್ನವು ಎರಡು ಹಲ್ಲು ಅಲ್ಲಾಡ್ತಿವೆ."

ಅವರ ಹಲ್ಲು ಒಂದೂ ಅಲ್ಲಾಡುತ್ತಿರಲಿಲ್ಲ. ಸೊಸೆಗೆ ಅದು ಗೊತ್ತಿತ್ತು.