ಒಂದು ಸಿಲಿಂಡರ್, ಎರಡು ಉರಿ

"ಮತ್ತೆ ನನ್ನ ಉರಿ ಕದ್ರಾ?"

ಗಾಜಿನ ಮಣಿ ಮಾಡುವವಳು ತಲೆಯೆತ್ತದೆಯೇ ಗದರಿದಳು. ಗಾಜು ಕರಗಿಸುವ ಅವಳ ಟಾರ್ಚಿನ ನೀಲಿ ಉರಿ ಹಳದಿಗೆ ತಿರುಗಿ, ಕೈಯಲ್ಲಿದ್ದ ಮಣಿಗೆ ಮಸಿ ಹತ್ತಿತ್ತು. ಪಕ್ಕದ ಮೇಜಿನಲ್ಲಿ ಗಾಜಿನ ನಳಿಕೆ ಬಗ್ಗಿಸುವವನು ತುಟಿಯಂಚಿನಲ್ಲೇ ನಗುತ್ತ ತನ್ನ ವಾಲ್ವ್ ತಗ್ಗಿಸಿದ.

ಇಬ್ಬರ ಟಾರ್ಚಿಗೂ ಆಕ್ಸಿಜನ್ ಸಿಲಿಂಡರ್ ಒಂದೇ. ಅವನು ಜಾಸ್ತಿ ತೆರೆದರೆ ಪೈಪಿನಲ್ಲಿ ಒತ್ತಡ ಇಳಿದು ಇವಳ ಉರಿ ಸೊರಗುತ್ತಿತ್ತು. ಆರು ತಿಂಗಳಿಂದ ಇದೇ ಜಗಳ. ಮೂಗಿನ ತುದಿಯಲ್ಲೇ ಕೋಪವಿದ್ದವಳು ಆ ದಿನ ಕಾರ್ಖಾನೆ ನಡೆಸುವ ತನ್ನ ದೊಡ್ಡಮ್ಮನ ಮುಂದೆ ಹೋಗಿ ನಿಂತಳು.

"ಇವರ ಪಕ್ಕ ಕೂತು ಕೆಲಸ ಮಾಡೋಕಾಗಲ್ಲ, ದೊಡ್ಡಮ್ಮ!"

ಸೋಮವಾರದ ಹೊತ್ತಿಗೆ ಅವನಿಗೆ ಬೇರೆ ಸಿಲಿಂಡರ್ ಬಂತು, ಮೇಜು ಹಿಂದಿನ ಕೋಣೆಗೆ ಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ಅವಳ ಉರಿ ಅಲುಗುತ್ತಿರಲಿಲ್ಲ. ಮಣಿಗಳೂ ಒಂದಕ್ಕಿಂತ ಒಂದು ದುಂಡಗೆ. ಆದರೆ ಮೊದಲು ಉರಿ ಕುಗ್ಗಿದರೆ ಅವನು ಕೆಲಸ ಹಿಡಿದನೆಂದೂ, ಚೇತರಿಸಿಕೊಂಡರೆ ಬೆವರೊರೆಸಿಕೊಳ್ಳುತ್ತಿದ್ದಾನೆಂದೂ ನೋಡದೆಯೇ ತಿಳಿಯುತ್ತಿತ್ತು. ಈಗ ಪಕ್ಕದ ಜಾಗ ಬಿಕೋ ಎನ್ನುತ್ತಿತ್ತು. ಬೇಕಾದವನನ್ನು ಕೈಯಾರೆ ಓಡಿಸಿಬಿಟ್ಟೆನಲ್ಲ ಎಂದು ಅವಳಿಗೆ ಊಟವೂ ಸೇರಲಿಲ್ಲ.

ಗುರುವಾರ ತಡೆಯಲಾಗದೆ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು. "ನನ್ನ ಟಾರ್ಚ್ ಸ್ವಲ್ಪ ನೋಡ್ತೀರಾ? ಉರಿ ಸರಿಯಿಲ್ಲ."

ಅವನು ಬಂದ. ವಾಲ್ವ್ ತಿರುಗಿಸಿದ, ರೆಗ್ಯುಲೇಟರಿನ ಮುಳ್ಳು ನೋಡಿದ. "ಚೆನ್ನಾಗೇ ಇದೆಯಲ್ರೀ. ಒಂಚೂರೂ ಅಲ್ಲಾಡ್ತಿಲ್ಲ."

"ಅದೇ ತೊಂದರೆ." ಅವಳ ಕೆನ್ನೆ ಕೆಂಪಾಯಿತು. "ನೀವಿದ್ದೀರೋ ಇಲ್ವೋ ಅಂತಾನೇ ಗೊತ್ತಾಗಲ್ಲ."

ಅವನು ವಾಲ್ವಿನಿಂದ ಕೈ ತೆಗೆದ. ಅವಳು ಮೇಜಿನ ಮೇಲಿಲ್ಲದ ಧೂಳನ್ನು ಒರೆಸಿದಳು.

"ನಿಜ ಹೇಳ್ಲಾ? ನನ್ನ ಕೆಲಸಕ್ಕೆ ಅಷ್ಟು ಆಕ್ಸಿಜನ್ ಬೇಕಾಗೇ ಇರ್ಲಿಲ್ಲ."

"ಮತ್ಯಾಕೆ ತಿರುಗಿಸ್ತಿದ್ರಿ?"

"ಇಲ್ಲಾಂದ್ರೆ ನೀವು ನನ್ನ ಹತ್ರ ಮಾತಾಡ್ತಿದ್ರಾ?"

"ಕಳ್ಳ!" ಎಂದಳು, ನಗು ತಡೆಯಲಾಗದೆ. "ಪೈಪ್ ವಾಪಸ್ ನನ್ನ ಸಿಲಿಂಡರಿಗೇ ಹಾಕಿ."

"ದೊಡ್ಡಮ್ಮ ಕೇಳಿದ್ರೆ?"

"ಇವರು ಪಕ್ಕದಲ್ಲಿಲ್ದೆ ಕೆಲಸ ಮಾಡೋಕಾಗಲ್ಲ ಅಂತೀನಿ."

ಸಂಜೆಯೊಳಗೆ ಮೇಜು ಹಳೆಯ ಜಾಗಕ್ಕೆ ಬಂತು. "ತೆರೀತಿದ್ದೀನಿ," ಎಂದು ಹೇಳಿ ಅವನು ವಾಲ್ವ್ ತಿರುಗಿಸಿದ. ಅವಳ ಉರಿ ಹಳದಿಯಾಯಿತು. ಅವಳು ಬೈಯಲಿಲ್ಲ; ಮಣಿಯನ್ನು ಉರಿಯಿಂದ ಆಚೆ ಹಿಡಿದು, ಮೆಲ್ಲಗೆ ತಿರುಗಿಸುತ್ತ ಕಾದಳು.