ಬಾಲಕ್ಕೆ ಅಂಟಿದ ಯೂ

ಬೆಟ್ಟಗಳು ಇನ್ನೂ ಮೆತ್ತಗಿದ್ದ ಕಾಲ. ಬಳಪಗಿರಿ ಅಂತ ಒಂದು ರಾಜ್ಯ. ಅಲ್ಲಿನ ಬೆಟ್ಟವೆಲ್ಲ ಬಳಪದ ಕಲ್ಲು. ಮಳೆ ಹುಯ್ದರೆ ಹಳ್ಳದಲ್ಲಿ ಬಿಳಿ ನೀರು ಹರಿಯುತ್ತಿತ್ತು. ಆಡಿದ ಹಾಗೆ ಬರೆಯುವುದು, ಬರೆದ ಹಾಗೆ ಓದುವುದು ಅಲ್ಲಿನವರ ಪದ್ಧತಿ. ನೆಮ್ಮದಿಯಾಗಿದ್ದರು. ನೆಮ್ಮದಿ ಹೆಚ್ಚಾದರೆ ರಾಜರಿಗೆ ಕೈ ತುರಿಸುತ್ತದೆ, ಗೊತ್ತಲ್ಲ! "ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರಲೇಬೇಕು" ಅಂತ ಅಲ್ಲಿನ ರಾಜ ಹಟ ಹಿಡಿದು, ಏಳು ಕಡಲಿನಾಚೆಯಿಂದ ಒಬ್ಬ ಗುರುವನ್ನು ಕರೆಸಿದ. ಅವನ ಹೆಸರು ಸ್ಪೆಲ್ಲಾಸುರ.

ಆ ಭಾಷೆಯಲ್ಲಿ ಸ್ಪೆಲ್ ಅಂದರೆ ಅಕ್ಷರ ಜೋಡಿಸುವುದೂ ಹೌದು, ಮಾಟವೂ ಹೌದು. ಪಾಪ, ರಾಜನಿಗೆ ಒಂದೇ ಅರ್ಥ ಗೊತ್ತಿತ್ತು.

ಯಾವ ಮಗು ತಪ್ಪು ಬರೆಯಿತೋ ಅದರ ದನಿ ಗಂಟಲಿನಿಂದ ಜಾರಿ ಗುರುವಿನ ಮಣ್ಣಿನ ಭರಣಿಗೆ ಇಳಿಯುತ್ತಿತ್ತು. ಮೂರು ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ದನಿ ಮಣ್ಣಿಗೆ ಇಂಗಿ ಅವನ ಪಾಲಾಗುತ್ತಿತ್ತು.

ಬಳಪಗಿರಿಯವರ ನಾಲಿಗೆಗೆ ಒಂದು ಅಭ್ಯಾಸ. ಯಾವ ಮಾತನ್ನೂ ಥಟ್ಟನೆ ನಿಲ್ಲಿಸಲಾರರು, ಕೊನೆಗೊಂದು 'ಉ' ಸೇರಿಸಿ ಮೆಲ್ಲಗೆ ಇಳಿಸುತ್ತಾರೆ. ಪೆನ್ ಅಂದರೆ ಪೆನ್ನು, ಬುಕ್ ಅಂದರೆ ಬುಕ್ಕು. ಬರೆಯುವಾಗಲೂ ಹಾಗೇ, ಬಾಲಕ್ಕೊಂದು ಯೂ. ಬಳಪ ಕೊರೆಯುವ ಕೆಂಚಣ್ಣನ ಕಿರಿಮಗಳು ತುಂಬಿ, ಆರು ವರ್ಷದ ವಾಚಾಳಿ, ಮೊದಲ ದಿನವೇ "ಇಸ್ಕೂಲು" ಅಂತ ಹೇಳಿ, ಹೇಳಿದಂತೆಯೇ ಬರೆದಳು. ಅಷ್ಟೇ. ಬೆಳಗಿನಿಂದ ಸಂಜೆಯವರೆಗೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಹುಡುಗಿ ಮೂಕಿಯಾದಳು. ಮನೆ ಭಣಗುಟ್ಟಿತು. ಅವ್ವ ಅನ್ನ ಮುಟ್ಟಲಿಲ್ಲ.

"ಅಳಬೇಡ ಕಣವ್ವ, ನಾನು ಹೋಗಿ ತರ್ತೀನಿ" ಅಂದಳು ಹಿರಿಮಗಳು ದೇವೀರಿ. ಅವಳಿಗೆ ಹದಿಮೂರು ವರ್ಷ.

"ನಿನಗೇ ಇಂಗ್ಲಿಷು ಬರಲ್ಲವಲ್ಲೇ!"

"ಹೋಗ್ತಾ ಹೋಗ್ತಾ ಕಲೀತೀನಿ."

ಬೆಟ್ಟದಾಚೆ ಸ್ಪೆಲ್ಲಾಸುರ ಕಟ್ಟಿಕೊಂಡಿದ್ದ ಸೀಮೆಯಲ್ಲಿ ಒಂದು ವಿಚಿತ್ರ. ಅಲ್ಲಿ ಒಂದು ಇಂಗ್ಲಿಷ್ ಮಾತು ಆಡಿದರೆ ಅದರ ಅಕ್ಷರಗಳು ಬಾಯಿಂದ ನೆಲಕ್ಕೆ ಉದುರುತ್ತವೆ. ಸರಿಯಾಗಿ ಜೋಡಿಸಿದರೆ ಆ ವಸ್ತುವೇ ಎದ್ದು ಬರುತ್ತದೆ. ಮೊದಲ ದಿನ ದೇವೀರಿಗೆ ಒಂದು ಕಂದರ ಎದುರಾಯಿತು. ಅದರ ಮೇಲೆ ಹಗ್ಗದ ಸೇತುವೆ. ನಡುವೆ ಹಗ್ಗ ಹರಿದಿತ್ತು. ಕಾವಲಿಗೆ ಎರಡು ತಲೆಯ ನರಿ ಕೂತಿತ್ತು.

"ಗಂಟು ಹಾಕಿ ದಾಟು" ಅಂತು ಒಂದು ತಲೆ. "ಗಂಟಿಗೆ ಇಂಗ್ಲಿಷಿನಲ್ಲಿ ನಾಟ್ ಅಂತಾರೆ" ಅಂತು ಇನ್ನೊಂದು.

"ನಾಟು" ಅಂದಳು ದೇವೀರಿ. ಎನ್, ಓ, ಟೀ, ಯೂ ಉದುರಿದವು. ನಾಲ್ಕನ್ನೂ ಜೋಡಿಸಿದಳು. ಏನೂ ಆಗಲಿಲ್ಲ. ಬಾಲದ ಯೂ ತೆಗೆದಳು. ತೆಗೆದದ್ದೇ ತಡ, ಅರ್ಧ ಸೇತುವೆ ಮಾಯ! ನರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಅಯ್ಯೋ ಪೆದ್ದಿ, ನೀನು ಬರೆದದ್ದು 'ಇಲ್ಲ' ಅಂತ. ಅದಕ್ಕೇ ಇಲ್ಲವಾಯ್ತು."

ದೇವೀರಿ ತಲೆಮೇಲೆ ಕೈಹೊತ್ತು ಕೂತಳು. ಆಗ ಪೊದೆಯ ಹಿಂದೆ ಯಾರೋ ಬಿಕ್ಕಿದ ಹಾಗಾಯಿತು. ನೋಡಿದರೆ ಕೇ ಎಂಬ ಅಕ್ಷರ, ಒಂದು ಕೈ ಮೇಲೆ, ಒಂದು ಕಾಲು ಕೆಳಗೆ ಚಾಚಿಕೊಂಡು ಮುನಿಸಿಕೊಂಡಿತ್ತು.

"ಗಂಟಿನಲ್ಲಿ ನಾನೂ ಇದ್ದೀನಿ. ಆದರೆ ನನ್ನ ಸದ್ದು ಕೇಳಿಸಲ್ಲ. ಬಾಯಿಂದ ಉದುರದವರನ್ನು ಯಾರು ಕರೀತಾರೆ?"

ದೇವೀರಿಗೆ ತುಂಬಿಯ ನೆನಪಾಯಿತು. "ಬಾರಪ್ಪ. ನಮ್ಮ ಮನೇಲೂ ಸದ್ದಿಲ್ಲದವಳು ಒಬ್ಬಳಿದ್ದಾಳೆ. ಹಾಗಂತ ಅವಳ ತಟ್ಟೆ ಎತ್ತಿಡ್ತೀವಾ? ನೀನು ಮಾತಾಡಬೇಡ, ಎಲ್ಲರಿಗಿಂತ ಮುಂದೆ ನಿಂತ್ಕೋ" ಅಂದಳು. ಕೇ ಮುಂದೆ ಬಂದು ನಿಂತಿತು. ಹೋದ ಸೇತುವೆ ಹಿಂದಿರುಗಿತು, ಹಗ್ಗಕ್ಕೆ ಗಂಟು ಬಿತ್ತು. ಅವಳು ದಾಟಿದಳು.

ಎರಡನೆಯ ದಿನ ಮಂಜಿನ ಸರೋವರ. ನೀರಿಲ್ಲ, ಬರೀ ಮಂಜು. ದೋಣಿ ಇಟ್ಟರೆ ಮುಳುಗುತ್ತದೆ. ದಂಡೆಯಲ್ಲಿ ಒಂದು ಪೆಟ್ಟಿಗೆ, ಅದರ ಮೇಲೆ ಕೇ, ಐ, ಟೀ. ಓದಿದರೆ ಕಿಟ್. ಪಕ್ಕದಲ್ಲಿ ಮುದುಕಿಯೊಬ್ಬಳು ಬಿಸಿಲು ಕಾಯಿಸುತ್ತಿದ್ದಳು. ಅವಳು 'ಈ' ಎಂಬ ಅಕ್ಷರ.

"ಅಜ್ಜಿ, ಆಚೆ ದಡಕ್ಕೆ ಹೋಗೋದು ಹೇಗೆ?"

"ನನ್ನನ್ನು ಎತ್ತಿ ಆ ಮಾತಿನ ಕೊನೆಗೆ ಕೂರಿಸು ಮಗಾ. ಕೊನೆಗೆ ಕೂತರೆ ನಾನು ತುಟಿ ಪಿಟಕ್ಕೆನ್ನಲ್ಲ. ಆದರೆ ಒಳಗಿರೋ ಮರಿ ಐ ಇದೆಯಲ್ಲ, ಅದಕ್ಕೆ ಧೈರ್ಯ ಬಂದು ತನ್ನ ಹೆಸರನ್ನು ತಾನೇ ಕೂಗಿಬಿಡುತ್ತೆ."

ಅಜ್ಜಿಯನ್ನು ಕೂರಿಸಿದ ಕೂಡಲೆ ಕಿಟ್ ಹೋಗಿ ಕೈಟ್ ಆಯಿತು. ಪೆಟ್ಟಿಗೆ ಬಿಚ್ಚಿಕೊಂಡು ದೊಡ್ಡ ಗಾಳಿಪಟವಾಯಿತು. ದೇವೀರಿ ಖುಷಿಗೆ "ಕೈಟು!" ಅಂತ ಕೂಗಿದಳು. ತಗೋ, ಯೂ ಉದುರಿ ಪಟದ ಬಾಲಕ್ಕೆ ಅಂಟಿತು. ಭಾರಕ್ಕೆ ಪಟ ಗಿರಕಿ ಹೊಡೆಯಿತು. ಕಿತ್ತೆಸೆದಮೇಲೆ ಮೇಲೆದ್ದಿತು. ದೇವೀರಿ ದಾರ ಹಿಡಿದು ಮಂಜಿನ ಮೇಲೆ ತೇಲಿದಳು. ಕೆಳಗೆ ಅಕ್ಷರಗಳು ಹಿಂಡುಹಿಂಡಾಗಿ ಈಜುತ್ತಿದ್ದವು, ಕೆಲವು ಮಲಗಿದ್ದವು. ಗಾಳಿ ಬೆಚ್ಚಗಿತ್ತು. ಆ ಒಂದು ಗಳಿಗೆ ಅವಳು ಭಯವನ್ನೆಲ್ಲ ಮರೆತಳು. ತನ್ನ ನಾಲಿಗೆಯ ಮೇಲಿನ ಸಿಟ್ಟು ಮಾತ್ರ ಹೋಗಲಿಲ್ಲ. "ಈ ಹಾಳು ಉಕಾರವೇ ನನ್ನ ತಂಗಿಯನ್ನು ತಿಂದಿತು" ಅಂತ ತುಟಿ ಕಚ್ಚಿಕೊಂಡಳು.

ಮೂರನೆಯ ದಿನ ಅರಮನೆ. ಗೋಡೆಯ ತುಂಬ ಭರಣಿಗಳು, ಒಳಗೆ ಗುಂಯ್‌ಗುಡುವ ದನಿಗಳು. ತುಂಬಿಯ ಭರಣಿ ಆಗಲೇ ತೇವವಾಗಿತ್ತು. ದನಿ ಇಂಗತೊಡಗಿತ್ತು. ನಡುವೆ ಸಿಂಹಾಸನದ ಮೇಲೆ ಅಕ್ಷರಗಳ ರಾಣಿ ಕ್ಯೂ, ಕಲ್ಲಾಗಿ ಕೂತಿದ್ದಳು. ಪಕ್ಕದಲ್ಲಿ ಸ್ಪೆಲ್ಲಾಸುರ.

"ಭರಣಿ ತೆರೆಯೋ ಆಜ್ಞೆ ಇವಳದು. ಕ್ವೀನ್ ಅನ್ನೋ ಮಾತು ಜೋಡಿಸಿ ಇವಳನ್ನು ಎಬ್ಬಿಸು ನೋಡೋಣ. ತಪ್ಪಿದರೆ ನಿನ್ನ ದನಿಯೂ ನನ್ನದು" ಅಂದ.

ಮೋಸ ಏನು ಗೊತ್ತೇ? ರಾಣಿ ಕ್ಯೂ ತನ್ನ ಗೆಳತಿ ಯೂ ಇಲ್ಲದೆ ಒಂದು ಹೆಜ್ಜೆ ಇಡುವವಳಲ್ಲ. ಆ ದುಷ್ಟ ಅರಮನೆಯ ಯೂಗಳನ್ನೆಲ್ಲ ನುಂಗಿ ನೀರು ಕುಡಿದಿದ್ದ.

ದೇವೀರಿ ತಡೆತಡೆದು ಹೇಳಿದಳು, ಭಯಕ್ಕೆ ನಾಲಿಗೆ ಹತೋಟಿ ತಪ್ಪಿತು. "ಕ್ವೀನು."

ಕೇ, ಡಬ್ಲ್ಯೂ, ಎರಡು ಈ, ಎನ್ ಉದುರಿದವು. ಕೊನೆಗೆ ಠಣ್ಣನೆ ಒಂದು ಯೂ.

"ಮತ್ತೆ ಬಾಲ!" ಅಂತ ಸ್ಪೆಲ್ಲಾಸುರ ನಕ್ಕ. ನಗುತ್ತಲೇ ಅವನ ಮುಖ ಬಿಳುಚಿತು. ಯೂ ನುಂಗಲು ಬಾಯಿ ತೆರೆದು ಹಾರಿದ. ದೇವೀರಿ ನಾಚಿಕೆಯಿಂದ ಅದನ್ನು ಮುಚ್ಚಿಡಲು ಬಗ್ಗಿದ್ದವಳು ಆ ಮುಖ ನೋಡಿ ತಡೆದಳು. ಇಷ್ಟು ಹೆದರುತ್ತಾನಲ್ಲ, ಯಾಕೆ? ತಲೆ ಎತ್ತಿದರೆ ಕಲ್ಲಿನ ರಾಣಿಯ ಒಂದು ಬೆರಳು ಯೂ ಕಡೆಗೆ ಅಲುಗುತ್ತಿತ್ತು. ದೇವೀರಿ ತಡಮಾಡಲಿಲ್ಲ. ಅವನ ಬಾಯಿ ತಲುಪುವ ಮೊದಲೇ ತನ್ನ ನಾಲಿಗೆಯ ತಪ್ಪನ್ನು ಬೊಗಸೆಯಲ್ಲಿ ಎತ್ತಿ ರಾಣಿಯ ಮಗ್ಗುಲಿಗಿಟ್ಟಳು. ಕೇ ಡಬ್ಲ್ಯೂಗಳನ್ನು ಅತ್ತ ಸರಿಸಿ, ಎರಡು ಈಗಳನ್ನೂ ಎನ್ನನ್ನೂ ಪಕ್ಕಕ್ಕೆ ಸಾಲಾಗಿ ನಿಲ್ಲಿಸಿದಳು.

ರಾಣಿ ಕಣ್ಣು ಬಿಟ್ಟಳು. ಗೆಳತಿಯ ಕೈ ಹಿಡಿದುಕೊಂಡೇ ಎದ್ದಳು. "ಮಕ್ಕಳ ಬಾಯಿ ಕಟ್ಟಿದವನೇ, ಇನ್ನು ನಿನ್ನ ಬಾಯಿ ಕಟ್ಟಿತು" ಅಂದಳು. ಸ್ಪೆಲ್ಲಾಸುರ ಕುಗ್ಗಿದ, ಕುಗ್ಗಿದ, ಒಂದು ಕಪ್ಪು ಚುಕ್ಕೆಯಾದ. ಇವತ್ತಿಗೂ ಪ್ರತಿ ವಾಕ್ಯದ ಕೊನೆಯಲ್ಲಿ ತೆಪ್ಪಗೆ ಕೂತಿರುವವನು ಅವನೇ.

ಭರಣಿಗಳು ಒಡೆದವು. ದನಿಗಳು ತಮ್ಮತಮ್ಮ ಮನೆಗೆ ಹಾರಿದವು. ದೇವೀರಿ ಗಾಳಿಪಟದ ದಾರ ಹಿಡಿದು ಹಿಂದೆಯೇ ಹಾರಿದಳು. ತುಂಬಿಯ ಅರ್ಧ ಇಂಗಿದ್ದ ದನಿ ಊರು ಮುಟ್ಟಿತೋ ಇಲ್ಲವೋ ಅಂತ ದಾರಿಯುದ್ದಕ್ಕೂ ಅವಳಿಗೆ ಅದೇ ಚಿಂತೆ. ಅದೇ ಸಂಜೆ ಮನೆ ಮುಟ್ಟಿದರೆ ಹೊಸ್ತಿಲಲ್ಲಿ ತುಂಬಿ ಕೂತಿದ್ದಳು.

"ತುಂಬೀ?"

ತುಂಬಿ ಬಾಯಿ ತೆರೆದಳು, ಮುಚ್ಚಿದಳು. ದೇವೀರಿಗೆ ಅರ್ಥವಾಯಿತು: ದನಿ ಬಂದಿದೆ, ಧೈರ್ಯ ಬಂದಿಲ್ಲ. ಪಕ್ಕದಲ್ಲಿ ಕೂತು ತೋಳಲ್ಲಿ ಅಪ್ಪಿಕೊಂಡಳು. "ತಪ್ಪಾಗೇ ಮಾತಾಡೇ. ನಾನು ಮೂರು ದಿನದಿಂದ ಬರೀ ತಪ್ಪನ್ನೇ ಮಾತಾಡಿ ಬಂದಿದ್ದೀನಿ."

ತುಂಬಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಶುರುವಾಯಿತು ನೋಡಿ! ಮೂರು ದಿನದ ಬಾಕಿ ಮಾತು: ಅಕ್ಕ ಯಾಕಿಷ್ಟು ತಡ, ಅಪ್ಪ ಗುಟ್ಟಾಗಿ ಅತ್ತದ್ದು, ಕರು ಹಗ್ಗ ಬಿಚ್ಚಿಕೊಂಡು ಓಡಿದ್ದನ್ನು ತಾನು ಕಂಡರೂ ಕೂಗಲಾಗದೆ ಹೋದದ್ದು. ಒಳಗೆ ಹೆಂಚಿನ ಮೇಲೆ ರೊಟ್ಟಿ ಸೀದು ಕರಿಕಾಯಿತು. ಅವ್ವ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಯಾರೂ ಹೋಗಿ ರೊಟ್ಟಿ ತಿರುವಲಿಲ್ಲ.