ಪಾಲಮಲೆ ಹತ್ತಿದ ಕೆಂಪು ಕಾರು

೧೯೯೬ರ ಮಳೆಗಾಲ. ರ‍್ಯಾಲಿಗಾಗಿ ಹಳೆಯ ಸ್ಪೋರ್ಟ್ಸ್ ಕಾರು ಹುಡುಕುತ್ತಿದ್ದ ನನಗೆ ಸೇಲಂನಲ್ಲಿ ಎರಡು ಸಿಕ್ಕವು. ಒಂದರಲ್ಲಿ ಎಂಜಿನ್ ನಾಲ್ಕೂ ಚಕ್ರಗಳನ್ನು ತಿರುಗಿಸುತ್ತಿತ್ತು. ಕೆಂಪು ಕಾರಿನಲ್ಲಿ ಹಿಂದಿನ ಎರಡನ್ನು ಮಾತ್ರ. ನನಗೆ ಕೆಂಪಿನ ಮೇಲೆಯೇ ಮನಸ್ಸು.

"ಮಲೆ ಅತ್ತೋಕೆ ನಾಕು ಚಕ್ರಾನೂ ಎಳೀಬೇಕು ಕಣ್ರೀ," ಎಂದಳು ಹೆಂಡತಿ ರಮಾಮಣಿ. ಪರೀಕ್ಷಿಸಲು ಅವಳನ್ನೂ ಕೂರಿಸಿಕೊಂಡು ಕೆಂಪು ಕಾರನ್ನೇ ಸೇಲಂ ಕಡೆಯ ಪಾಲಮಲೆ ಬೆಟ್ಟದ ಕೆಸರು ದಾರಿ ಹತ್ತಿಸಿದೆ.

ತಿರುವೊಂದರಲ್ಲಿ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ಸುತ್ತಿ, ಕಾರು ಕಂದಕದತ್ತ ಜಾರಿತು. ಆಗ ಸ್ಟೀರಿಂಗ್ ಮಂಜುಗಡ್ಡೆಯಂತೆ ತಣ್ಣಗಾಯಿತು. ಬಾನೆಟ್ಟಿನ ಮುಂದೆ ಯಾರೋ ಏದುಸಿರು ಬಿಡುವ ಸದ್ದು ಕೇಳಿತು. ಮುಂದಿನ ಚಕ್ರಗಳು ಕೆಸರು ಚಿಮ್ಮಿಸುತ್ತ ನಮ್ಮನ್ನು ಮೇಲಕ್ಕೆಳೆದವು.

"ಗೆದ್ದುಬುಟ್ವಿ ಕಣ್ರೀ!" ಎಂದು ತುದಿಯಲ್ಲಿ ರಮಾಮಣಿ ಕುಣಿದಳು. ಅದನ್ನೇ ಕೊಂಡೆ. ಆ ವರ್ಷದ ರ‍್ಯಾಲಿಯನ್ನೂ ಗೆದ್ದೆ.

ಮುಂದಿನ ಚಕ್ರಗಳು ಎಳೆದದ್ದನ್ನು ಹೇಳಿದಾಗ ಮೆಕ್ಯಾನಿಕ್ ಕಾರಿನಡಿ ಮಲಗಿ ಎರಡು ಸಲ ನೋಡಿದ. ಮುಂದಿನ ಚಕ್ರಗಳಿಗೂ ಎಂಜಿನ್ನಿಗೂ ಸಂಬಂಧವೇ ಇರಲಿಲ್ಲ.